ಆಟಿಯ ಮೋಡ, ಒಳಕೋಣೆಯ ಕತ್ತಲು: ಬೆಳಕು ಮತ್ತು ಬಣ್ಣದ ಪೂರಕ ಆರೈಕೆಗೆ ಹಂತಹಂತದ ಮಾರ್ಗದರ್ಶಿ

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ, ಮನೆಯಲ್ಲೇ ಬೆಳಕಿನ ಚಿಕಿತ್ಸೆ ಮಾಡಿ ನೋಡಿ ಕೈಬಿಟ್ಟವರು ಹೇಳುವುದು ಹೆಚ್ಚುಕಡಿಮೆ ಒಂದೇ. ಮಲಗುವ ಕೋಣೆಗೆ ನೀಲಿ ಬಲ್ಬು ತಂದಿದ್ದಾರೆ, ಗೋಡೆಗೆ ಹಸಿರು ಬಳಿಸಿದ್ದಾರೆ, ನಿದ್ದೆ ಮಾತ್ರ ಸುಧಾರಿಸಿಲ್ಲ, ಮಳೆಗಾಲದ ಜಡತನವೂ ಹೋಗಿಲ್ಲ. ಎಡವಿದ್ದು ಕ್ರಮದಲ್ಲಿ. ಕೊನೆಗೆ ಬರಬೇಕಾದ ಬಣ್ಣವನ್ನು ಮೊದಲು ಹಿಡಿದುಕೊಂಡಿದ್ದಾರೆ, ಮೊದಲು ಆಗಬೇಕಾದ ಬೆಳಗಿನ ಬೆಳಕನ್ನು ಮರೆತಿದ್ದಾರೆ.

ಕ್ರಮ ಹೀಗಿದೆ: ಬೆಳಗ್ಗೆ ಕಣ್ಣಿಗೆ ಬೆಳಕು, ಹಗಲು ಮನೆಗೆ ಬೆಳಕು, ಸಂಜೆ ಇಳಿಕೆ, ರಾತ್ರಿ ಕತ್ತಲು, ಆಮೇಲೆ ಬಣ್ಣ. ಒಂದು ಹಂತ ನೆಲೆಗೊಳ್ಳದೆ ಮುಂದಿನದಕ್ಕೆ ಹೋಗಬೇಡಿ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದು ನೆರವಾಯಿತು, ಯಾವುದು ತೊಂದರೆ ಕೊಟ್ಟಿತು ಎಂಬುದು ತಿಳಿಯುವುದಿಲ್ಲ.

ಇನ್ನೊಂದು ವಿಷಯ. ಬೆಳಕಿನ ಚಿಕಿತ್ಸೆಯ ಬಗ್ಗೆ ಓದಲು ಸಿಗುವ ಬರಹಗಳಲ್ಲಿ ಹೆಚ್ಚಿನವು ಚಳಿಗಾಲದಲ್ಲಿ ಹಗಲೇ ಕುಗ್ಗಿಹೋಗುವ ದೇಶಗಳವು. ಕಾಸರಗೋಡಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿಯ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯಷ್ಟೇ. ನಮ್ಮ ತೊಂದರೆಯ ಮೂಲ ಬೇರೆ: ಆಟಿ ಎಂಬ ತುಳು ತಿಂಗಳೂ ಸೇರಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಟ್ಟ ಮೋಡ, ದಪ್ಪ ಕೆಂಪುಕಲ್ಲಿನ ಗೋಡೆ, ಪುಟ್ಟ ಕಿಟಕಿ, ಅಡಿಕೆ ತೋಟದ ನೆರಳು. ಇವುಗಳ ಮೇಲೆ ರಾತ್ರಿ ಹನ್ನೊಂದರವರೆಗೂ ಉರಿಯುವ ಬಿಳಿ ಟ್ಯೂಬ್‌ಲೈಟು. ಹಗಲು ಕತ್ತಲು, ರಾತ್ರಿ ಬೆಳಕು. ಹೀಗೆ ತಲೆಕೆಳಗಾದದ್ದನ್ನು ನೆಟ್ಟಗೆ ಮಾಡುವುದೇ ಇಲ್ಲಿನ ಕೆಲಸ.

ಶುರು ಮಾಡುವ ಮೊದಲು: ವೈದ್ಯರನ್ನು ಕೇಳಲೇಬೇಕಾದವರು

ಇದು ಪೂರಕ ಆರೈಕೆ. ಖಿನ್ನತೆಗೆ, ನಿದ್ರಾಹೀನತೆಗೆ, ಮಧುಮೇಹಕ್ಕೆ ನುಂಗುತ್ತಿರುವ ಯಾವ ಮಾತ್ರೆಯನ್ನೂ ಇದರ ಭರವಸೆಯಲ್ಲಿ ನಿಲ್ಲಿಸಬಾರದು.

ಬೆಳಗಿನ ಸಹಜ ಬೆಳಕಿನಲ್ಲಿ ನಡೆಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಪ್ರಖರ ದೀಪ ಬಳಸುವ ಆರನೆಯ ಹಂತಕ್ಕೆ ಮಾತ್ರ ಕೆಲವರು ತಾವಾಗಿಯೇ ಹೋಗಬಾರದು. ಬೈಪೋಲಾರ್ ತೊಂದರೆ (ಮನಸ್ಸು ಖಿನ್ನತೆ ಮತ್ತು ಉನ್ಮಾದಗಳ ನಡುವೆ ತೂಗಾಡುವ ಕಾಯಿಲೆ) ಇರುವವರು ಇವರಲ್ಲಿ ಮೊದಲಿಗರು. ಪ್ರಖರ ಬೆಳಕು ಅವರನ್ನು ಉನ್ಮಾದದ ಕಡೆಗೆ ತಳ್ಳಬಹುದು. ಮಧುಮೇಹದಿಂದ ಅಕ್ಷಿಪಟಲ ಹಾಳಾದವರು, ಗ್ಲಾಕೋಮಾ ಇರುವವರು, ಇತ್ತೀಚೆಗೆ ಕಣ್ಣಿನ ಪೊರೆ ತೆಗೆಸಿಕೊಂಡವರು, ಬೆಳಕಿನಿಂದ ಮೈಗ್ರೇನ್ ಅಥವಾ ಅಪಸ್ಮಾರ ಕೆರಳುವವರು, ಲೂಪಸ್ ಇರುವವರು ಕೂಡ ಕೇಳಿಯೇ ಮುಂದುವರಿಯಬೇಕು.

ಮಾತ್ರೆಗಳ ವಿಷಯದಲ್ಲಿ ನಮ್ಮ ಕಡೆಗೆ ವಿಶೇಷವಾಗಿ ಹೇಳಬೇಕಾದದ್ದು ಡಾಕ್ಸಿಸೈಕ್ಲಿನ್. ಮಳೆಗಾಲದಲ್ಲಿ ತೋಟದ ಕೆಸರಿನಲ್ಲಿ ದುಡಿಯುವವರಿಗೆ ಇಲಿಜ್ವರ ಬಾರದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಮಾತ್ರೆ ಇದೇ. ಇದು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ. ಮಾತ್ರೆ ಬಿಡಬೇಡಿ, ನಡುಹಗಲಿನ ಬಿಸಿಲು ಬಿಡಿ. ಹೃದಯದ ಬಡಿತಕ್ಕೆ ಕೊಡುವ ಅಮಿಯೊಡರೋನ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಕೆಲವು ಮನೋರೋಗದ ಔಷಧಗಳು ಕೂಡ ಇದೇ ಗುಂಪಿನವು. ಚೀಟಿ ತೋರಿಸಿ ಕೇಳಿದರೆ ಔಷಧದಂಗಡಿಯವರೂ ಹೇಳುತ್ತಾರೆ.

ಬೇಕಾದ ಸಾಮಾನು

ಒಂದು ನೋಟ್‌ಪುಸ್ತಕ. ಬೆಳಕು ಅಳೆಯುವ ಉಚಿತ ಆ್ಯಪ್ ಹಾಕಿದ ಮೊಬೈಲ್. ಎರಡು ಮೂರು ಬೆಚ್ಚನೆಯ ಹಳದಿ ಛಾಯೆಯ ಎಲ್‌ಇಡಿ ಬಲ್ಬುಗಳು; ಡಬ್ಬಿಯ ಮೇಲೆ ‘ವಾರ್ಮ್ ವೈಟ್’ ಎಂದೋ 2700 ಅಥವಾ 3000 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ) ಎಂದೋ ಇರುತ್ತದೆ. ಅಂಗಡಿಯವನು ಏನೂ ಕೇಳದೆ ಕೊಡುವುದು ಸಾಮಾನ್ಯವಾಗಿ 6500 ಕೆಲ್ವಿನ್‌ನ ‘ಕೂಲ್ ಡೇಲೈಟ್’, ಆದ್ದರಿಂದ ಡಬ್ಬಿ ತಿರುಗಿಸಿ ಓದಿ ತೆಗೆದುಕೊಳ್ಳಿ. ಒಂದು ಮೇಜಿನ ದೀಪ, ಗಾಢ ಬಣ್ಣದ ಹತ್ತಿಯ ಪರದೆ, ಬಿಳಿ ಸುಣ್ಣ ಅಥವಾ ಹೊಳಪಿಲ್ಲದ ಬಿಳಿ ಪೇಂಟು. ಇಷ್ಟರಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ.

ಬಣ್ಣ ಬದಲಿಸುವ ರಿಮೋಟ್ ಬಲ್ಬು, ಬಣ್ಣದ ಕನ್ನಡಕ, ಬಣ್ಣದ ಬಾಟಲಿ ಯಾವುದೂ ಈಗ ಬೇಡ.

ಹಂತ 1: ಒಂದು ವಾರ ಏನನ್ನೂ ಬದಲಿಸದೆ ಅಳೆಯಿರಿ

ಎಲ್ಲರೂ ಹಾರಿಬಿಡುವ ಹಂತ ಇದು. ಮೊದಲಿನ ಸ್ಥಿತಿ ಬರೆದಿಡದಿದ್ದರೆ ನಾಲ್ಕು ವಾರದ ನಂತರ ಏನು ಬದಲಾಯಿತೆಂದು ಹೇಳಲು ನಿಮ್ಮ ಬಳಿ ಏನೂ ಇರುವುದಿಲ್ಲ.

ನೋಟ್‌ಪುಸ್ತಕದಲ್ಲಿ ದಿನಕ್ಕೊಂದು ಸಾಲು ಸಾಕು: ಎದ್ದ ಹೊತ್ತು, ಬೆಳಗ್ಗೆ ಮನೆಯಿಂದ ಹೊರಗಿದ್ದ ನಿಮಿಷಗಳು, ಮಧ್ಯಾಹ್ನ ಮಲಗಿದ್ದರೆ ಎಷ್ಟು ಹೊತ್ತು, ರಾತ್ರಿ ಮಲಗಿದ ಹೊತ್ತು, ನಿದ್ದೆ ಹತ್ತಲು ತಗಲಿದ ಸುಮಾರು ಸಮಯ, ಮನಸ್ಸಿನ ಸ್ಥಿತಿಗೆ ಹತ್ತರಲ್ಲಿ ಒಂದು ಅಂಕ. ಅಂಕವನ್ನು ಪ್ರತಿದಿನ ಒಂದೇ ಹೊತ್ತಿಗೆ ಕೊಡಿ. ಬೆಳಗಿನ ಅಂಕವನ್ನೂ ರಾತ್ರಿಯ ಅಂಕವನ್ನೂ ಬೆರೆಸಿದರೆ ಲೆಕ್ಕ ಕೆಡುತ್ತದೆ.

ಜೊತೆಗೆ ಬೆಳಕನ್ನು ಅಳೆಯಿರಿ. ಅಳತೆಯ ಹೆಸರು ಲಕ್ಸ್. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಮೊಬೈಲನ್ನು ಮೇಜಿನ ಮೇಲೆ ಅಂಗಾತ ಇಟ್ಟು ಅಳೆಯುವುದು. ಆಗ ಸಿಗುವುದು ಮೇಜಿಗೆ ಬೀಳುವ ಬೆಳಕು. ನಮಗೆ ಬೇಕಾದದ್ದು ಕಣ್ಣಿಗೆ ಬೀಳುವ ಬೆಳಕು. ನೀವು ದಿನವೂ ಕೂರುವ ಜಾಗದಲ್ಲಿ ಕುಳಿತು, ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ನಿಮ್ಮ ಮುಖ ಯಾವ ಕಡೆಗಿದೆಯೋ ಅದರ ಪರದೆಯೂ ಆ ಕಡೆಗೆ ಇರುವಂತೆ ಹಿಡಿಯಿರಿ. ಚಾವಡಿ, ಅಡುಗೆಮನೆ, ಜಗಲಿ, ಅಂಗಳ ಈ ನಾಲ್ಕು ಕಡೆ ಬೆಳಗ್ಗೆ ಎಂಟಕ್ಕೂ ರಾತ್ರಿ ಎಂಟಕ್ಕೂ ಬರೆದಿಡಿ.

ಮೊಬೈಲ್ ತೋರಿಸುವ ಅಂಕಿ ಸುಮಾರಿನದು, ಆದರೂ ಹೋಲಿಕೆಗೆ ಸಾಕು. ನೇರ ಬಿಸಿಲು ಸುಮಾರು 1,00,000 ಲಕ್ಸ್. ಬಿಸಿಲಿನ ದಿನದ ಮರದ ನೆರಳಿನಲ್ಲೂ ಹತ್ತು ಸಾವಿರದಷ್ಟು ಇರುತ್ತದೆ. ಮೋಡ ಕವಿದ ಹಗಲಿನಲ್ಲಿ ಬಯಲಲ್ಲಿ ಕೆಲವು ಸಾವಿರ. ಅದೇ ಹೊತ್ತಿಗೆ ಒಳಕೋಣೆಯಲ್ಲಿ ಐವತ್ತು ಕೂಡ ಇರಲಾರದು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದರಿಂದ ಈ ಅಗಾಧ ವ್ಯತ್ಯಾಸ ನಮ್ಮ ಅನುಭವಕ್ಕೆ ಬರುವುದೇ ಇಲ್ಲ. ಅಂಕಿ ನೋಡಿದಾಗಲೇ ಹೆಚ್ಚಿನವರಿಗೆ ಮನವರಿಕೆಯಾಗುವುದು.

ಹಂತ 2: ಎದ್ದ ಒಂದು ಗಂಟೆಯೊಳಗೆ ಹೊರಗೆ ಬನ್ನಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡಲು ಸಾಧ್ಯವಿದ್ದರೆ ಇದನ್ನು ಮಾಡಿ.

ನಮ್ಮ ಅಕ್ಷಿಪಟಲದಲ್ಲಿ ನೋಡುವುದಕ್ಕೆಂದು ಇರುವ ಕೋಶಗಳ ಜೊತೆಗೆ ಮೆಲನೋಪ್ಸಿನ್ ಎಂಬ ವರ್ಣದ್ರವ್ಯವುಳ್ಳ ಕೆಲವು ಕೋಶಗಳಿವೆ. ಅವು 480 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ, ಮತ್ತು ಈಗ ಹಗಲು ಎಂಬ ಸುದ್ದಿಯನ್ನು ಮೆದುಳಿನ ಗಡಿಯಾರಕ್ಕೆ ಮುಟ್ಟಿಸುತ್ತವೆ. ಬೆಳಗ್ಗೆ ಈ ಸುದ್ದಿ ಗಟ್ಟಿಯಾಗಿ ಮುಟ್ಟಿದರೆ ರಾತ್ರಿ ನಿದ್ದೆಯ ಹೊತ್ತು ಮುಂಚೆ ಬರುತ್ತದೆ. ಇಲ್ಲವಾದರೆ ಗಡಿಯಾರ ನಿಧಾನವಾಗಿ ಹಿಂದೆ ಬೀಳುತ್ತದೆ. ಮೋಡದ ಆಕಾಶದಲ್ಲೂ ನೀಲಿಯ ಪಾಲು ಸಾಕಷ್ಟಿದೆ, ಬಿಸಿಲು ಬರಲೆಂದು ಕಾಯಬೇಕಾಗಿಲ್ಲ.

ಎದ್ದ ಒಂದು ಗಂಟೆಯೊಳಗೆ ತೆರೆದ ಆಕಾಶ ಕಾಣುವ ಜಾಗಕ್ಕೆ ಬಂದು ಅರ್ಧ ಗಂಟೆ ಇರಿ. ಮೋಡ ತೀರ ದಟ್ಟವಾಗಿದ್ದರೆ ಮುಕ್ಕಾಲು ಗಂಟೆ. ಅಂಗಳ ಗುಡಿಸಿ, ದನಕ್ಕೆ ಹುಲ್ಲು ಹಾಕಿ, ಚಹಾ ಕುಡಿಯಿರಿ, ಪೇಪರ್ ಓದಿ. ಸೂರ್ಯನನ್ನು ದಿಟ್ಟಿಸಬೇಡಿ, ಅದರ ಅಗತ್ಯವೇ ಇಲ್ಲ. ಕಪ್ಪು ಕನ್ನಡಕ ಬೇಡ, ದೃಷ್ಟಿಯ ಕನ್ನಡಕ ಇರಲಿ.

ಕಣಿವೆಯ ತಳದಲ್ಲಿ ತೋಟದ ನಡುವೆ ಇರುವ ಮನೆಗಳಿಗೆ ಬೆಳಕು ತಡವಾಗಿ ಬರುತ್ತದೆ. ಅಂಥವರು ಗುಡ್ಡದ ಕಡೆಗೆ, ಮಾರ್ಗದ ಬದಿಗೆ ಅಥವಾ ತೋಟದಾಚೆಯ ಗದ್ದೆಯ ಹುಣಿಗೆ ನಡೆದು ಹೋಗಬೇಕು. ಅಡಿಕೆ ಸೋಗೆಯ ಅಡಿಯಲ್ಲಿ ನಿಂತು ಅಳೆದು ನೋಡಿ, ನಾಲ್ಕು ಹೆಜ್ಜೆ ಆಚೆ ಬಯಲಿನಲ್ಲಿ ಅಳೆದು ನೋಡಿ. ನಡೆಯುವ ಶ್ರಮ ಯಾಕೆಂದು ಆಗ ತಿಳಿಯುತ್ತದೆ.

ಜಡಿಮಳೆ ಸುರಿಯುವಾಗ ಜಗಲಿಯೇ ಗತಿ. ನಮ್ಮಲ್ಲಿ ಇರಿಚಲು ತಡೆಯಲು ಜಗಲಿಗೆ ನೀಲಿ ಟಾರ್ಪಾಲು ಕಟ್ಟುವುದು ವಾಡಿಕೆ. ನೀರಿನ ಜೊತೆ ಅದು ಬೆಳಕನ್ನೂ ತಡೆಯುತ್ತದೆ. ಅಡಿಕೆ ಒಣಗಿಸುವ ಸೋಲಾರ್ ಗೂಡಿಗೆ ಹೊದಿಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅದರ ಬದಲಿಗೆ ಕಟ್ಟಿ. ಅನೇಕರ ಮನೆಯ ಅಟ್ಟದಲ್ಲಿ ಹಳೆಯ ತುಂಡು ಇದ್ದೇ ಇರುತ್ತದೆ, ತೊಳೆದರೆ ಸಾಕು. ಜಗಲಿಯಲ್ಲಿ ಮುಖ ಹೊರಗಡೆಗೆ ಇರುವಂತೆ ಕುಳಿತುಕೊಳ್ಳಿ. ಬೆನ್ನು ಹೊರಗಡೆಗೆ ಹಾಕಿ ಟಿವಿ ನೋಡುತ್ತಾ ಕುಳಿತವರು ಜಗಲಿಯಲ್ಲಿದ್ದೂ ಪ್ರಯೋಜನವಿಲ್ಲ.

ಗಾಜಿನ ಕಿಟಕಿಯ ಹಿಂದೆ ಕುಳಿತರೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕಿಟಕಿಗೆ ತೀರ ಹತ್ತಿರ ಕುಳಿತರೆ ಅಷ್ಟಿಷ್ಟು ಆಗುತ್ತದೆ, ಎರಡು ಮೀಟರ್ ಒಳಗೆ ಸರಿದರೆ ಬೆಳಕು ಧಡಕ್ಕನೆ ಇಳಿಯುತ್ತದೆ. ವಿಟಮಿನ್ ಡಿ ಬೇಕಾದವರು ಇನ್ನೊಂದು ವಿಷಯ ತಿಳಿದಿರಲಿ: ಅದಕ್ಕೆ ಬೇಕಾದ ಬಿಸಿಲಿನ ಯುವಿ-ಬಿ (ಅತಿನೇರಳೆ) ಕಿರಣ ಸಾಮಾನ್ಯ ಗಾಜಿನ ಮೂಲಕ ಒಳಗೆ ಬರುವುದಿಲ್ಲ.

ಹಂತ 3: ಹಗಲು ಮನೆಯೊಳಗೆ ಬೆಳಕು ಸೇರಿಸಿ

ಹಂಚಿನ ಮನೆಯಾದರೆ ಮೊದಲು ಮಾಡಿನ ಮೇಲಿನ ಗಾಜಿನ ಹಂಚುಗಳನ್ನು ನೋಡಿ. ಎರಡು ಮಳೆಗಾಲ ಕಳೆದರೆ ಅವುಗಳ ಮೇಲೆ ಪಾಚಿ, ಕೆಳಗೆ ಅಡುಗೆಮನೆಯ ಮಸಿ. ಮೇ ತಿಂಗಳಲ್ಲಿ ಮಾಡು ಒಣಗಿರುವಾಗ ಅಭ್ಯಾಸವಿರುವವರಿಂದ ಉಜ್ಜಿಸಿ. ಮಳೆ ಶುರುವಾದ ಮೇಲೆ ಯಾವ ಕಾರಣಕ್ಕೂ ಮಾಡು ಹತ್ತಬೇಡಿ. ಕತ್ತಲ ಕೋಣೆಗೆ ಒಂದೆರಡು ಗಾಜಿನ ಹಂಚು ಹೆಚ್ಚು ಹಾಕಿಸುವುದು ಈ ಪಟ್ಟಿಯಲ್ಲೇ ಹೆಚ್ಚು ಲಾಭದ ಖರ್ಚು ಎಂಬುದು ನನ್ನ ಅಭಿಪ್ರಾಯ.

ತಾರಸಿ ಮನೆಯಾದರೆ ಕಿಟಕಿಯ ಎದುರಿನ ಗೋಡೆಗೆ ಬಿಳಿ ಬಳಿಸಿ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಹಿಂದಕ್ಕೆ ಕೊಡುತ್ತದೆ, ಗಾಢ ನೇರಳೆಯೋ ಕಂದೋ ಹೆಚ್ಚಿನದನ್ನು ನುಂಗುತ್ತದೆ. ಹೊರಗೋಡೆ ಎಷ್ಟು ರಂಗಾದರೂ ಇರಲಿ. ನಾಲ್ಕೂ ಗೋಡೆ ಬೇಡ, ಕಿಟಕಿಯ ಎದುರಿನದು ಮತ್ತು ಮೇಲ್ಛಾವಣಿ ಸಾಕು. ಕಿಟಕಿಯ ಹೊರಗೆ ಬೆಳೆದ ಗಿಡದ ಕೊಂಬೆಗಳನ್ನು ಮಳೆಗಿಂತ ಮೊದಲೇ ಸವರಿ.

ವಯಸ್ಸಾದವರ ವಿಷಯ ಇಲ್ಲಿ ವಿವರವಾಗಿ ಹೇಳಬೇಕು. ಅರುವತ್ತರ ಕಣ್ಣಿನ ಮಸೂರ ಹಳದಿಗಟ್ಟಿರುತ್ತದೆ, ಪಾಪೆ ಕಿರಿದಾಗಿರುತ್ತದೆ. ಇಪ್ಪತ್ತರ ಕಣ್ಣಿನ ಒಳಗೆ ತಲುಪುವಷ್ಟೇ ಬೆಳಕು ತಲುಪಲು ಸುಮಾರು ಮೂರು ಪಟ್ಟು ಬೆಳಕು ಬೇಕು. ಹೀಗಿದ್ದೂ ನಮ್ಮ ಹಲವು ಮನೆಗಳಲ್ಲಿ ಅಜ್ಜಿಗೆ ಸಿಗುವುದು ಅತ್ಯಂತ ಒಳಗಿನ, ಅತ್ಯಂತ ಕತ್ತಲಿನ ಕೋಣೆ. ಹಗಲೆಲ್ಲ ತೂಕಡಿಕೆ, ರಾತ್ರಿಯಿಡೀ ಎಚ್ಚರ, ನಡುರಾತ್ರಿ ಗೊಂದಲದ ಮಾತು ಎಂದು ಮನೆಯವರು ಸಂಕಟಪಡುತ್ತಾರೆ. ಆ ಗೊಂದಲಕ್ಕೆ ಬೇರೆ ಕಾರಣಗಳೂ ಇರಬಹುದು, ವೈದ್ಯರಿಗೆ ತೋರಿಸಲೇಬೇಕು. ಆದರೆ ಮಂಚ ಸರಿಸುವುದಕ್ಕೆ ಯಾವ ಪರೀಕ್ಷೆಯ ವರದಿಗೂ ಕಾಯಬೇಕಾಗಿಲ್ಲ.

ಹಾಸಿಗೆ ಹಿಡಿದವರ ಮಂಚವನ್ನು ಕಿಟಕಿ ಮುಖದ ಒಂದು ಬದಿಗೆ ಬರುವಂತೆ ತಿರುಗಿಸಿ. ನೇರ ಎದುರಿಗೆ ಬಂದರೆ ಕಣ್ಣು ಕುಕ್ಕುತ್ತದೆ, ತಲೆಯ ಹಿಂದೆ ಬಂದರೆ ಕಣ್ಣಿಗೆ ಬೆಳಕೇ ಸಿಗುವುದಿಲ್ಲ. ಕೂರಿಸಲು ಆಗುವವರನ್ನು ಬೆಳಗಿನ ತಿಂಡಿಯ ಹೊತ್ತಿಗಾದರೂ ಜಗಲಿಗೆ ತನ್ನಿ. ಪಂಚಾಯತಿನ ಸಾಂತ್ವನ ಆರೈಕೆಯ ನರ್ಸ್ ಮನೆಗೆ ಬರುವುದಿದ್ದರೆ ಮಂಚ ಎಲ್ಲಿರಬೇಕೆಂದು ಅವರೊಡನೆ ಮಾತಾಡಿ. ಎತ್ತುವ, ಕೂರಿಸುವ ಸರಿಯಾದ ರೀತಿಯನ್ನು ಅವರು ತೋರಿಸಿಕೊಡುತ್ತಾರೆ.

ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಮೀರದಿರಲಿ.

ಹಂತ 4: ಸಂಜೆ ಬೆಳಕನ್ನು ಇಳಿಸಿ

ಎರಡನೆಯ ಹಂತ ಒಂದು ವಾರ ಸರಿಯಾಗಿ ನಡೆದ ಮೇಲೆ ಇದಕ್ಕೆ ಬನ್ನಿ.

2022ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಪ್ರಕಟಿಸಿದ ಶಿಫಾರಸು ಹೀಗಿದೆ: ಹಗಲಿನಲ್ಲಿ ಕಣ್ಣಿನ ಮಟ್ಟಕ್ಕೆ ಕನಿಷ್ಠ 250, ಮಲಗುವುದಕ್ಕೆ ಮೂರು ಗಂಟೆ ಮೊದಲಿನಿಂದ ಹೆಚ್ಚೆಂದರೆ 10, ನಿದ್ದೆಯ ಹೊತ್ತಿಗೆ 1ಕ್ಕಿಂತ ಹೆಚ್ಚಿರಬಾರದು. ಇದು ಮೆಲನೋಪ್ಸಿನ್ ಕೋಶಗಳ ಸ್ಪಂದನೆಯ ಲೆಕ್ಕದ ಲಕ್ಸ್. ಬೆಚ್ಚನೆಯ ಬಲ್ಬಿನ ಬೆಳಕು ಆ ಲೆಕ್ಕದಲ್ಲಿ ಮೊಬೈಲ್ ತೋರಿಸುವುದರ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಬಿಳಿ ಟ್ಯೂಬ್‌ಲೈಟಿನದು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಅಂದರೆ ರಾತ್ರಿ ಮೊಬೈಲಿನಲ್ಲಿ ಇಪ್ಪತ್ತು ತೋರಿಸುವ ಹಳದಿ ದೀಪ ಸರಿಯೇ, ನೂರು ತೋರಿಸುವ ಬಿಳಿ ಟ್ಯೂಬ್ ಸರಿಯಲ್ಲ.

ಚಾವಡಿಯ ಟ್ಯೂಬ್‌ಲೈಟನ್ನು ಕೀಳಬೇಕಾಗಿಲ್ಲ. ಸಂಜೆ ಭಜನೆ, ಮಕ್ಕಳ ಪಾಠ ಮುಗಿಯುವವರೆಗೆ ಉರಿಯಲಿ. ಊಟದ ಹೊತ್ತಿಗೆ ಅದನ್ನು ಆರಿಸಿ, ಮೂಲೆಯಲ್ಲಿ ಸೊಂಟದೆತ್ತರಕ್ಕೆ ಇಟ್ಟ ಒಂದು ಬೆಚ್ಚನೆಯ ದೀಪ ಹಾಕಿ. ಬೆಳಕು ಗೋಡೆಗೆ ಬಿದ್ದು ಬರುವಂತಿರಲಿ, ಬಲ್ಬು ಕಣ್ಣಿಗೆ ಕಾಣದಿರಲಿ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಜಾಗದ ದೀಪ ಪ್ರಖರವಾಗಿಯೇ ಇರಬೇಕು, ಕತ್ತಿಯ ಕೆಲಸ ಮಂದ ಬೆಳಕಿನಲ್ಲಿ ಬೇಡ. ಕೆಲಸ ಮುಗಿದ ಕೂಡಲೇ ಆರಿಸಿ.

ಪರೀಕ್ಷೆಗೆ ಓದುವ ಮಕ್ಕಳಿಗೆ ಮಂದ ಬೆಳಕು ಶಿಕ್ಷೆ. ಅವರಿಗೆ ಪುಸ್ತಕದ ಮೇಲೆ ಮಾತ್ರ ಬೀಳುವ ಬೆಚ್ಚನೆಯ ಮೇಜಿನ ದೀಪ ಕೊಡಿ, ಮಲಗುವ ಒಂದು ಗಂಟೆ ಮೊದಲು ಓದು ನಿಲ್ಲಿಸುವ ರೂಢಿ ಮಾಡಿಸಿ.

ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಸಾಮಾನ್ಯ ಎಲ್‌ಇಡಿ ಬಲ್ಬಿಗೆ ಫ್ಯಾನಿನ ರೆಗ್ಯುಲೇಟರಿನಂಥ ಡಿಮ್ಮರ್ ಹಾಕುವುದು ಒಂದು. ಅದು ಮಿನುಗುತ್ತದೆ, ಬೇಗ ಸುಟ್ಟುಹೋಗುತ್ತದೆ. ಕಡಿಮೆ ಬೆಳಕು ಬೇಕಿದ್ದರೆ ಕಡಿಮೆ ವಾಟಿನ ಬಲ್ಬು ಕೊಳ್ಳಿ. ಅಗ್ಗದ ಬಲ್ಬಿನ ಮಿನುಗು ಇನ್ನೊಂದು. ಕೆಲವರಿಗೆ ಇದರಿಂದಲೇ ತಲೆನೋವು. ಮೊಬೈಲ್ ಕ್ಯಾಮೆರಾವನ್ನು ಉರಿಯುವ ಬಲ್ಬಿನ ಹತ್ತಿರ ಹಿಡಿಯಿರಿ, ಪರದೆಯಲ್ಲಿ ಕಪ್ಪು ಪಟ್ಟಿಗಳು ಹರಿದಾಡಿದರೆ ಆ ಬಲ್ಬನ್ನು ಜಗಲಿಯ ಹೊರಗೆ ಹಾಕಿ.

ಹಂತ 5: ಮಲಗುವ ಕೋಣೆಯನ್ನು ಕತ್ತಲು ಮಾಡಿ

ದೀಪ ಆರಿಸಿ ಹತ್ತು ನಿಮಿಷ ಕಳೆದ ಮೇಲೆ ನಿಮ್ಮ ಕೈ ನಿಮಗೆ ಕಾಣುತ್ತಿದ್ದರೆ ಬೆಳಕು ಎಲ್ಲಿಂದ ಬರುತ್ತಿದೆಯೆಂದು ಹುಡುಕಿ. ಬೀದಿದೀಪ, ಇನ್ವರ್ಟರಿನ ಸೂಚಕ, ವೈಫೈ ಪೆಟ್ಟಿಗೆ, ಟಿವಿಯ ಕೆಂಪು ಚುಕ್ಕೆ ಇವೇ ಸಾಮಾನ್ಯ. ಸೂಚಕಗಳಿಗೆ ಕಪ್ಪು ಟೇಪಿನ ತುಂಡು ಸಾಕು, ಇನ್ವರ್ಟರಿನ ಗಾಳಿಯ ಕಿಂಡಿ ಮಾತ್ರ ಮುಚ್ಚಬೇಡಿ.

ಪರದೆಗೆ ಹತ್ತಿಯ ಬಟ್ಟೆಯೇ ಒಳ್ಳೆಯದು. ರಬ್ಬರ್ ಲೇಪಿಸಿದ ದಪ್ಪ ಪರದೆಗೆ ನಮ್ಮ ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ, ಉಬ್ಬಸ ಇರುವವರಿಗೆ ಅದರಿಂದ ಕಾಯಿಲೆ ಕೆರಳುತ್ತದೆ. ಬೆಳಗ್ಗೆ ಎದ್ದ ತಕ್ಷಣ ಪರದೆ ಪೂರ್ತಿ ಸರಿಸಬೇಕು. ರಾತ್ರಿ ಮುಚ್ಚಿದ ಪರದೆ ಮರುದಿನ ಮಧ್ಯಾಹ್ನದವರೆಗೂ ಹಾಗೆಯೇ ಇದ್ದರೆ ಎರಡನೆಯ ಹಂತದ ಫಲವನ್ನೆಲ್ಲ ಐದನೆಯದು ತಿಂದುಹಾಕುತ್ತದೆ.

ರಾತ್ರಿ ಏಳುವವರಿಗೆ ದಾರಿಯಲ್ಲಿ ಪಾದದೆತ್ತರಕ್ಕೆ ಒಂದು ಸಣ್ಣ ಕೆಂಪು ಅಥವಾ ಕಿತ್ತಳೆ ದೀಪ ಇರಲಿ. ಮೆಲನೋಪ್ಸಿನ್ ಕೆಂಪಿಗೆ ಅತಿ ಕಡಿಮೆ ಸ್ಪಂದಿಸುತ್ತದೆ. ಬಿದ್ದು ಸೊಂಟ ಮುರಿಯುವುದಕ್ಕಿಂತ ಸ್ವಲ್ಪ ಬೆಳಕು ಸಾವಿರ ಪಾಲು ಲೇಸು, ಇಲ್ಲಿ ಕಟ್ಟುನಿಟ್ಟು ಬೇಡ. ಬಚ್ಚಲು ಹೊರಗಿದ್ದರೆ ಒಳ್ಳೆಯ ಟಾರ್ಚ್ ಹಿಡಿದೇ ಹೋಗಬೇಕು. ಮಳೆಗಾಲದ ರಾತ್ರಿ ಅಂಗಳದಲ್ಲಿ ಹಾವಿರುತ್ತದೆ.

ಹಂತ 6: ಬೆಳಕಿನ ಪೆಟ್ಟಿಗೆ, ಅಗತ್ಯವಿದ್ದರೆ ಮಾತ್ರ

ಮೇಲಿನದನ್ನೆಲ್ಲ ಮೂರು ನಾಲ್ಕು ವಾರ ಮಾಡಿದ ಮೇಲೂ ಬೆಳಗ್ಗೆ ಏಳಲಾಗದ ಜಡತನ ಉಳಿದಿದ್ದರೆ, ಅಥವಾ ಮಳೆಯಿಂದ, ಅನಾರೋಗ್ಯದಿಂದ ಹೊರಗೆ ಬರಲಾಗದಿದ್ದರೆ ಲೈಟ್ ಬಾಕ್ಸ್ ಎಂಬ ಚಪ್ಪಟೆ ದೀಪದ ಯೋಚನೆ ಮಾಡಬಹುದು. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ತಮ್ಮ ವೈದ್ಯರಿಗೆ ತಿಳಿಸಿಯೇ ಬಳಸಬೇಕು.

ಕೊಳ್ಳುವಾಗ ನೋಡಬೇಕಾದದ್ದು ‘10,000 ಲಕ್ಸ್’ ಎಂಬ ಅಂಕಿಯ ಪಕ್ಕದಲ್ಲಿರುವ ದೂರ. ಹತ್ತು ಸೆಂಟಿಮೀಟರಿನಲ್ಲಿ 10,000 ಕೊಡುವ ಪುಟ್ಟ ದೀಪ ಮೂವತ್ತು ಸೆಂಟಿಮೀಟರಿಗೆ ಸರಿದಾಗ ಅದರ ಒಂದಂಶವನ್ನಷ್ಟೇ ಕೊಡುತ್ತದೆ, ಮುಖವನ್ನು ದೀಪಕ್ಕೆ ಒತ್ತಿಕೊಂಡು ಯಾರೂ ಕೂರಲಾರರು. ದೊಡ್ಡ ಫಲಕ, ಬಿಳಿ ಬೆಳಕು, ಯುವಿ ಇಲ್ಲ ಎಂಬ ಸ್ಪಷ್ಟ ನಮೂದು ಇವು ಬೇಕು. ನಾಲ್ಕು ಟ್ಯೂಬ್‌ಲೈಟು ಜೋಡಿಸಿ ಮನೆಯಲ್ಲೇ ಮಾಡುವ ಸಾಹಸ ಬೇಡ: ಅಳತೆ ಸಿಗುವುದಿಲ್ಲ, ಕಣ್ಣು ಕುಕ್ಕುತ್ತದೆ.

ಮೊದಲ ಮೂರು ದಿನ ಹತ್ತು ನಿಮಿಷ. ತೊಂದರೆ ಕಾಣದಿದ್ದರೆ ನಿಧಾನವಾಗಿ ಮೂವತ್ತಕ್ಕೆ ಏರಿಸಿ. ದೀಪ ಮುಖದ ಒಂದು ಬದಿಗೆ, ಕಣ್ಣಿಗಿಂತ ತುಸು ಮೇಲೆ. ಅದನ್ನೇ ನೋಡಬೇಡಿ, ತಿಂಡಿ ತಿನ್ನಿ, ಓದಿ. ಬೆಳಗ್ಗೆ ಮಾತ್ರ ಬಳಸಿ. ಮರೆತುಹೋಯಿತೆಂದು ಸಂಜೆ ಕುಳಿತರೆ ಆ ರಾತ್ರಿ ನಿದ್ದೆ ಬಾರದು. ಫಲ ಕಾಣುವುದಿದ್ದರೆ ಒಂದೆರಡು ವಾರದಲ್ಲಿ ಕಾಣುತ್ತದೆ. ಮೂರು ವಾರವಾದರೂ ನೋಟ್‌ಪುಸ್ತಕದ ಅಂಕ ಅಲುಗದಿದ್ದರೆ ನಿಲ್ಲಿಸಿ, ವೈದ್ಯರನ್ನು ಕಾಣಿ.

ಹಂತ 7: ಈಗ ಬಣ್ಣ

ಇಂಥ ಬಣ್ಣ ಇಂಥ ಅಂಗಕ್ಕೆ, ಇಂಥ ರೋಗಕ್ಕೆ ಎಂಬ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಅವುಗಳಿಗೆ ನಂಬುವಂಥ ಆಧಾರವಿಲ್ಲ. ಬಣ್ಣ ರೋಗ ಗುಣಪಡಿಸುವುದಿಲ್ಲ. ಮನಸ್ಸಿಗೆ ಹಿತ ಕೊಡಬಲ್ಲದು, ಕಣ್ಣಿಗೆ ದಾರಿ ತೋರಬಲ್ಲದು. ಈ ಎರಡೂ ಸಣ್ಣ ಕೆಲಸಗಳಲ್ಲ.

ಹಿತದ ವಿಷಯದಲ್ಲಿ ಬಣ್ಣದ ಹೆಸರಿಗಿಂತ ಅದರ ಗಾಢತೆ ಮುಖ್ಯ. ಕಡುಕೆಂಪಾಗಲಿ ಕಡುನೀಲಿಯಾಗಲಿ ಎಡೆಬಿಡದೆ ಸುತ್ತುವರಿದರೆ ದಣಿಸುತ್ತವೆ. ಮಲಗುವ ಕೋಣೆಗೆ ತಿಳಿಯಾದ, ಹೊಳಪಿಲ್ಲದ ಬಣ್ಣ ಯಾವುದಾದರೂ ಆಗಬಹುದು. ಆರಿಸುವಾಗ ಆ ಕೋಣೆಯಲ್ಲಿ ಮಲಗುವವರನ್ನೇ ಕೇಳಿ. ಒಬ್ಬರಿಗೆ ಹಸಿರು ತೋಟದ ನೆನಪು, ಇನ್ನೊಬ್ಬರಿಗೆ ಆಸ್ಪತ್ರೆಯ ಪರದೆಯ ನೆನಪು. ಗೋಡೆ ಬಳಿಸುವ ಮೊದಲು ಒಂದು ಸೀರೆಯನ್ನೋ ಬೆಡ್‌ಶೀಟನ್ನೋ ಗೋಡೆಗೆ ತೂಗುಹಾಕಿ ಒಂದು ವಾರ ನೋಡಿ. ಮೋಡದ ಬೆಳಕಿನಲ್ಲಿ ಆ ಬಣ್ಣ ಹೇಗೆ ಕಾಣುತ್ತದೆ ಎಂಬುದನ್ನು ಅಂಗಡಿಯ ಬಣ್ಣದ ಚೀಟಿ ತೋರಿಸುವುದಿಲ್ಲ.

ರಾತ್ರಿ ನೀಲಿ ಬಲ್ಬು ಬೇಡ. ತಂಪು ಬಣ್ಣವೆಂದು ಮಲಗುವ ಕೋಣೆಗೆ ಅದನ್ನು ಹಾಕಿದವರು ಮೆಲನೋಪ್ಸಿನ್‌ಗೆ ಅತ್ಯಂತ ಪ್ರಿಯವಾದ ಬೆಳಕನ್ನೇ ಆರಿಸಿಕೊಂಡಿರುತ್ತಾರೆ.

ನನ್ನ ಮಟ್ಟಿಗೆ ಬಣ್ಣದ ಹೆಚ್ಚು ಬೆಲೆಯುಳ್ಳ ಉಪಯೋಗ ವಯಸ್ಸಾದವರಿಗೆ ಕಣ್ಣಿನ ದಾರಿ ಮಾಡಿಕೊಡುವುದು. ಕೆಂಪು ಕಾವಿಯ ನೆಲದಿಂದ ಕೆಂಪು ಮೆಟ್ಟಿಲಿಗೆ ಇಳಿಯುವಾಗ ಅಂಚು ಕಾಣುವುದಿಲ್ಲ. ಪ್ರತಿ ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲದ ಬಿಳಿ ಅಥವಾ ಹಳದಿ ಪಟ್ಟಿ ಬಳಿಯಿರಿ. ಬಚ್ಚಲಿನ ಬಾಗಿಲಿಗೆ ಉಳಿದ ಬಾಗಿಲುಗಳಿಗಿಂತ ಬೇರೆ ಬಣ್ಣ ಕೊಡಿ, ಮರೆವಿನ ತೊಂದರೆ ಇರುವವರು ಗುರುತು ಹಿಡಿಯುತ್ತಾರೆ. ಬಿಳಿ ಪಿಂಗಾಣಿಯಲ್ಲಿ ಬೆಳ್ತಿಗೆ ಅನ್ನ, ಮೇಲೆ ಮಜ್ಜಿಗೆ: ಮಬ್ಬುಗಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ, ಅರ್ಧ ಊಟ ಹಾಗೇ ಉಳಿಯುತ್ತದೆ. ಗಾಢ ಬಣ್ಣದ ಬಟ್ಟಲಿನಲ್ಲಿ ಬಡಿಸಿ, ಅಥವಾ ಬಾಳೆಲೆಯಲ್ಲಿ.

ಮಾಡಲೇಬಾರದವು

ಸೂರ್ಯನನ್ನು ದಿಟ್ಟಿಸಿ ನೋಡುವ ಅಭ್ಯಾಸ ಯಾವ ಹೆಸರಿನಲ್ಲಿ ಬಂದರೂ ಬೇಡ. ಅಕ್ಷಿಪಟಲದ ನಡುಭಾಗ ನೋವಿಲ್ಲದೆ ಸುಡುತ್ತದೆ, ಕೆಲವೊಮ್ಮೆ ಶಾಶ್ವತವಾಗಿ.

ನವಜಾತ ಶಿಶುವಿನ ಕಾಮಾಲೆಗೆ ಬೆಳಗಿನ ಬಿಸಿಲು ತೋರಿಸುತ್ತಾ ಮನೆಯಲ್ಲಿ ಕುಳಿತುಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಬಳಸುವುದು ಅಳತೆ ಮಾಡಿದ ನೀಲಿ ಬೆಳಕು, ಜೊತೆಗೆ ರಕ್ತಪರೀಕ್ಷೆ ಇರುತ್ತದೆ. ಕಾಮಾಲೆಯ ಹಳದಿಗೆ ಕಾರಣವಾದ ಬಿಲಿರುಬಿನ್ ಮಿತಿಮೀರಿದರೆ ಮಗುವಿನ ಮೆದುಳಿಗೇ ಹಾನಿ. ಮಗುವಿನ ಅಂಗಾಲು ಹಳದಿಯಾದರೆ, ಹಾಲು ಕುಡಿಯಲು ಏಳದಿದ್ದರೆ ಅದೇ ಕ್ಷಣ ಹೊರಡಿ.

ಬಿಳಿ ತೊನ್ನು, ಸೋರಿಯಾಸಿಸ್‌ಗಳಿಗೆ ಚರ್ಮವೈದ್ಯರು ಯುವಿ ಬೆಳಕು ಕೊಡುವುದು ನಿಜ. ಅದನ್ನು ಕೇಳಿ ಬಾಕುಚಿ ಎಂಬ ಮೂಲಿಕೆಯ ಎಣ್ಣೆ ಹಚ್ಚಿ ಬಿಸಿಲಿಗೆ ಕುಳಿತವರಿಗೆ ಬೊಬ್ಬೆಗಳೆದ್ದು ಸುಟ್ಟ ಗಾಯಗಳಾಗುತ್ತವೆ. ರೋಗಾಣು ಕೊಲ್ಲುವ ಯುವಿ ದೀಪಗಳು ಮನುಷ್ಯರ ಮೈಗೆ, ಕಣ್ಣಿಗೆ ಅಲ್ಲವೇ ಅಲ್ಲ. ಬಣ್ಣದ ಬಾಟಲಿಯಲ್ಲಿ ನೀರು ಬಿಸಿಲಿಗಿಟ್ಟು ಕುಡಿದರೆ ಸಿಗುವುದು ಬಿಸಿಯಾದ ನೀರು. ಪ್ಲಾಸ್ಟಿಕ್ ಬಾಟಲಿಯಾದರೆ ಅದೂ ಬೇಡ.

ಹೊತ್ತು ಬೇರೆಯಿರುವವರಿಗೆ

ರಬ್ಬರ್ ಟ್ಯಾಪಿಂಗಿಗೆ ಬೆಳಗಿನ ಜಾವವೇ ಏಳುವವರು, ಮಂಗಳೂರಿನ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡಿ ರೈಲಿನಲ್ಲಿ ಮರಳುವವರು, ನವೆಂಬರಿನಿಂದ ಮೇವರೆಗೆ ರಾತ್ರಿಯಿಡೀ ರಂಗಸ್ಥಳದಲ್ಲಿರುವ ಯಕ್ಷಗಾನ ಕಲಾವಿದರು ಮೇಲಿನ ಗಂಟೆಗಳನ್ನು ಹಾಗೆಯೇ ಅನುಸರಿಸಿದರೆ ಇನ್ನಷ್ಟು ಕೆಡುತ್ತದೆ.

ಟ್ಯಾಪಿಂಗ್ ಮಾಡುವವರ ಗಡಿಯಾರ ಮುಂಚಿತವಾಗಿಯೇ ಇರಬೇಕು. ಅವರು ಸಂಜೆ ಆರರಿಂದಲೇ ಬೆಳಕು ಇಳಿಸಬೇಕು, ತಲೆಗೆ ಕಟ್ಟುವ ಲೈಟನ್ನು ಮರದ ಕಡೆಗೆ ತಿರುಗಿಸಬೇಕು, ರಬ್ಬರ್ ಹಾಲು ಸಂಗ್ರಹಿಸುವ ಹೊತ್ತಿನ ಹಗಲನ್ನು ಬಯಲಲ್ಲಿ ಕಳೆಯಬೇಕು. ರಾತ್ರಿ ದುಡಿದು ಬೆಳಗ್ಗೆ ಮಲಗುವವರು ತದ್ವಿರುದ್ಧ ಮಾಡಬೇಕು: ಮನೆಗೆ ಮರಳುವ ದಾರಿಯಲ್ಲಿ ಕಪ್ಪು ಕನ್ನಡಕ, ಮನೆಯಲ್ಲಿ ಕತ್ತಲ ಕೋಣೆ, ಮಧ್ಯಾಹ್ನ ಎದ್ದ ಮೇಲೆ ಬಯಲಿನ ಬೆಳಕು. ಸ್ವಂತ ವಾಹನ ಓಡಿಸಿಕೊಂಡು ಬರುವವರು ಮಾತ್ರ ದಾರಿಯಲ್ಲಿ ಕಪ್ಪು ಕನ್ನಡಕ ಹಾಕಬೇಡಿ, ತೂಕಡಿಕೆ ಹೆಚ್ಚುತ್ತದೆ.

ನಿಲ್ಲಿಸಬೇಕಾದ ಸೂಚನೆಗಳು

ಕಣ್ಣುರಿ, ಸಣ್ಣ ತಲೆನೋವು, ವಾಕರಿಕೆ ಬಂದರೆ ದೀಪದ ಹೊತ್ತನ್ನು ಅರ್ಧಕ್ಕಿಳಿಸಿ, ದೂರ ಹೆಚ್ಚಿಸಿ. ಎರಡು ದಿನದಲ್ಲಿ ಹೋಗದಿದ್ದರೆ ನಿಲ್ಲಿಸಿ. ದೃಷ್ಟಿಯ ನಡುವೆ ಕಪ್ಪು ಚುಕ್ಕೆ ಕಂಡರೆ ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಮನೆಯವರು ಗಮನಿಸಬೇಕಾದದ್ದು ಬೇರೊಂದಿದೆ. ಮೂರು ಗಂಟೆ ಮಲಗಿದರೂ ದಣಿವೇ ಇಲ್ಲ, ಮಾತು ಓಡುತ್ತದೆ, ದೊಡ್ಡ ದೊಡ್ಡ ಯೋಜನೆಗಳು, ಕೈಮೀರಿದ ಖರ್ಚು, ಸಣ್ಣದಕ್ಕೂ ಸಿಡುಕು. ಇದನ್ನು ಚಿಕಿತ್ಸೆ ಚೆನ್ನಾಗಿ ಹಿಡಿದಿದೆ ಎಂದುಕೊಳ್ಳಬೇಡಿ. ಇದು ಉನ್ಮಾದದ ಲಕ್ಷಣವಿರಬಹುದು. ದೀಪ ಅಂದೇ ನಿಲ್ಲಿಸಿ, ಮನೋವೈದ್ಯರಿಗೆ ತೋರಿಸಿ.

ಬದುಕು ಬೇಡವೆಂಬ ಮಾತು ಯಾರ ಬಾಯಲ್ಲಿ ಬಂದರೂ ಬೆಳಕಿನ ಪ್ರಯೋಗಗಳನ್ನೆಲ್ಲ ಬದಿಗಿಡಿ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದಿನದ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತಾಡಬಹುದು. ಕೇರಳದ ದಿಶಾ ಸಹಾಯವಾಣಿ 1056. ಕರೆ ಮಾಡುವುದಷ್ಟೇ ಸಾಲದು, ಆ ವ್ಯಕ್ತಿಯ ಜೊತೆಗೆ ಒಬ್ಬರು ಇರಿ.

ಮಳೆ ಬಿಟ್ಟ ಮೇಲೆ

ಅಕ್ಟೋಬರಿನಲ್ಲಿ ಮೋಡ ತೆರವಾಗುತ್ತಿದ್ದಂತೆ ಬೆಳಗಿನ ಅರ್ಧ ಗಂಟೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಬಹುದು, ನೆರಳಿನಲ್ಲಿ ಕುಳಿತರೂ ಸಾಕು. ಹತ್ತು ಗಂಟೆಯ ನಂತರದ ಬಿಸಿಲನ್ನು ಬೆಳಕಿನ ಆರೈಕೆಯ ಲೆಕ್ಕಕ್ಕೆ ಸೇರಿಸಬೇಡಿ, ಅಡಿಕೆ ಹರಡಲು ಅಂಗಳದಲ್ಲಿರಬೇಕಾದವರು ತಲೆಗೆ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಇಡಿ. ಜಗಲಿಯ ಪ್ಲಾಸ್ಟಿಕ್ ಹಾಳೆ ಬಿಚ್ಚಿ, ತೊಳೆದು, ನೆರಳಿನಲ್ಲಿ ಒಣಗಿಸಿ ಮಡಚಿಡಿ. ಬೆಳಕಿನ ಪೆಟ್ಟಿಗೆ ಇದ್ದರೆ ತೇವವಿಲ್ಲದ ಬಟ್ಟೆಯಿಂದ ಒರೆಸಿ ಡಬ್ಬಿಯಲ್ಲಿಡಿ. ಸಂಜೆಯ ಮತ್ತು ರಾತ್ರಿಯ ಹಂತಗಳು ವರ್ಷವಿಡೀ ಹಾಗೆಯೇ ಮುಂದುವರಿಯಲಿ. ನೋಟ್‌ಪುಸ್ತಕ ಎಸೆಯಬೇಡಿ, ಮುಂದಿನ ಮೇ ತಿಂಗಳಲ್ಲಿ ಗಾಜಿನ ಹಂಚು ಉಜ್ಜಿಸುವ ಮೊದಲು ಅದನ್ನೊಮ್ಮೆ ತಿರುವಿ ಹಾಕಿ.